ಕಗ್ಗಲಡುವಿನ ಹುಣಸೆಮರ, ಪುಲಿಕಾಟ್‌ನ ಉಪ್ಪುನೀರು

"ಶಿರಾ ಪಕ್ಕದಲ್ಲೇ ಕಗ್ಗಲಡು ಇಟ್ಕೊಂಡು ಹಕ್ಕಿ ನೋಡೋಕೆ ಆಂಧ್ರಕ್ಕೆ ಯಾಕೋ ಹೋಗ್ತೀಯ?" ಅಂತ ಅಮ್ಮ ಕೇಳಿದ್ದಳು. ದಾರಿಯಲ್ಲಿ ತಿರುಪತಿ ಸಿಗುತ್ತೆ ಅಂದದ್ದೇ ತಡ, ತಾನೂ ಚೀಲ ತುಂಬಿಸಿಕೊಂಡಳು.

ಜನವರಿ ಕೊನೆಯ ವಾರ. ಮೊದಲು ಆಂಧ್ರದ ನೇಲಪಟ್ಟು ಪಕ್ಷಿಧಾಮ. ಹಿಂಗಾರು ಮಳೆ ತುಂಬಿಸಿದ ಕೆರೆಯ ನೀರಲ್ಲೇ ನಿಂತ ಮರಗಳ ಮೇಲೆ ಹೆಜ್ಜಾರ್ಲೆಗಳ (ಪೆಲಿಕನ್) ಗೂಡು; ಮೀನಿಗೆ ಮಾತ್ರ ಪುಲಿಕಾಟ್ ಸರೋವರಕ್ಕೆ ಹಾರಿ ಹೋಗುತ್ತವೆ. ಬೈನಾಕ್ಯುಲರ್ ಇಲ್ಲದಿದ್ದರೆ ಬಿಳಿ ಚುಕ್ಕೆಗಳಷ್ಟೇ. ಇದೊಂದಕ್ಕೇ ಅಷ್ಟು ದೂರ ಹೋಗಬೇಡಿ.

ಪುಲಿಕಾಟ್ ಬೇರೆಯೇ ಮಾತು. ಚಿಲಿಕಾ ಬಿಟ್ಟರೆ ದೇಶದ ಅತಿ ದೊಡ್ಡ ಉಪ್ಪುನೀರಿನ ಸರೋವರ. ಸೂಳ್ಳೂರುಪೇಟೆಯಿಂದ ಶ್ರೀಹರಿಕೋಟಾಕ್ಕೆ ಹೋಗುವ ರಸ್ತೆ ಅದರ ನಡುವೆಯೇ ಹಾಯುತ್ತದೆ. ಮಂಜು ಸರಿದಾಗ ದೂರದಲ್ಲಿ ತೆಳು ಗುಲಾಬಿ ಗೆರೆಯೊಂದು ಕಂಡಿತು, ನೋಡುತ್ತಿದ್ದಂತೆ ಅದಕ್ಕೆ ಕಾಲು ಮೂಡಿದವು: ರಾಜಹಂಸ. ತಲೆಯನ್ನು ತಲೆಕೆಳಗಾಗಿ ನೀರಿಗಿಟ್ಟು, ಕೊಕ್ಕಿನಲ್ಲೇ ಕೆಸರು ಸೋಸಿ ತಿನ್ನುವ ಹಕ್ಕಿ. ಮೊಣಕಾಲುದ್ದದ ನೀರು ಅದಕ್ಕೆ ಬೇಕು. ಆದರೆ ಇಲ್ಲಿ ಅದು ಉಣ್ಣಲು ಬಂದ ನೆಂಟ, ಮರಿ ಮಾಡುವುದು ಗುಜರಾತಿನ ಕಛ್‌ನ ರಣ್‌ನಲ್ಲಿ. ಒಂಬತ್ತು ಗಂಟೆಗೆಲ್ಲ ಬಿಸಿಲಿನ ಝಳಕ್ಕೆ ಎಲ್ಲ ಕಲಸಿಹೋಯಿತು. ಟೀ ಅಂಗಡಿ, ನೆರಳು ಎರಡೂ ಇಲ್ಲ. ಅಮ್ಮ ಲಾಡು ಬಿಚ್ಚಿದಳು.

ಏಪ್ರಿಲ್‌ನಲ್ಲಿ ಕಗ್ಗಲಡು. ತುಮಕೂರಿನಿಂದ ಬೈಕಲ್ಲಿ ಒಂದೂವರೆ ಗಂಟೆ. ಇಲ್ಲಿ ಹಕ್ಕಿಗಳನ್ನು ಹುಡುಕಬೇಕಾಗಿಲ್ಲ, ವಾಸನೆಯೇ ದಾರಿ ತೋರಿಸುತ್ತದೆ. ಊರೊಳಗಿನ ಹುಣಸೆಮರಗಳ ನೆತ್ತಿಯ ಮೇಲೆ ಬಣ್ಣದ ಕೊಕ್ಕರೆ, ಬೂದು ಬಕಗಳ ಗೂಡು; ಕೆಳಗೆ ಎಮ್ಮೆ, ಟ್ರ್ಯಾಕ್ಟರು, ಬಟ್ಟೆ ಒಣಹಾಕುವ ಹೆಂಗಸರು. ಬೆಳೆದ ಕೊಕ್ಕರೆಗಳಿಗೆ ದನಿ ಇಲ್ಲವೆಂದೇ ಹೇಳಬಹುದು, ಕೊಕ್ಕು ಕಟಕಟಿಸುತ್ತವೆ. ಗಲಾಟೆಯೆಲ್ಲ ಮರಿಗಳದ್ದು. ಬಿಸಿಲು ಏರಿದಾಗ ತಾಯಿ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿದದ್ದನ್ನು ಬರಿಗಣ್ಣಲ್ಲಿ ನೋಡಿದೆ. ಇದನ್ನು ನೇಲಪಟ್ಟುವಿನ ವೀಕ್ಷಣಾ ಗೋಪುರ ನನಗೆ ಕೊಡಲಿಲ್ಲ.

"ಹಣ್ಣು ಉದುರಿಸೋಕೆ ಆಗಲ್ಲ, ಅಂಗಳ ತುಂಬ ಹಿಕ್ಕೆ. ಬಾಣಂತೀನ ಮನೆಯಿಂದ ಓಡಿಸ್ತೀವಾ?" ಅಂದರು ಅಜ್ಜಿಯೊಬ್ಬರು.

ಒಂದೇ ರಜೆ ಇದೆಯೆಂದರೆ ನಾನು ಕಣ್ಣುಮುಚ್ಚಿ ಕಗ್ಗಲಡು ಅನ್ನುತ್ತೇನೆ. ಮಳೆ ಕೈಕೊಟ್ಟು ಸುತ್ತಲಿನ ಕೆರೆಗಳು ಒಣಗಿದ ವರ್ಷ ಮಾತ್ರ ಊರಿನವರನ್ನು ಕೇಳಿಕೊಂಡೇ ಹೊರಡಿ. ಬೈಕನ್ನು ಮರದಡಿ ನಿಲ್ಲಿಸಬೇಡಿ. ನನ್ನ ಸೀಟಿನ ಮೇಲೆ ಅರ್ಧ ಜೀರ್ಣವಾದ ಮೀನು ಬಿದ್ದಿತ್ತು.