ಒಂದೇ ಸಲಕ್ಕೆ ಕಲ್ಲು ಹೋಗುತ್ತದೆಯೇ? ಮೂರು ಅಂಕಪದ್ಧತಿಗಳನ್ನು ಬಳಸಿ ನೋಡಿದಾಗ

ಶಿರಸಿಯ ನನ್ನ ಚಿಕಿತ್ಸಾಲಯಕ್ಕೆ ಕಿಡ್ನಿ ಕಲ್ಲಿನ ಸ್ಕ್ಯಾನ್ ಹಿಡಿದು ಬರುವವರೆಲ್ಲರ ಪ್ರಶ್ನೆ ಒಂದೇ: "ಡಾಕ್ಟರೇ, ಒಂದೇ ಸಲಕ್ಕೆ ಪೂರ್ತಿ ಹೋಗುತ್ತದೆಯೇ?" ಬೆನ್ನಿನಿಂದ ಸಣ್ಣ ದಾರಿ ಮಾಡಿ ಕಲ್ಲು ಒಡೆದು ತೆಗೆಯುವ ಪಿಸಿಎನ್‌ಎಲ್ ಶಸ್ತ್ರಚಿಕಿತ್ಸೆಗೆ ನಾನು ಅವರನ್ನು ಹುಬ್ಬಳ್ಳಿಗೋ ಮಣಿಪಾಲಕ್ಕೋ ಕಳುಹಿಸುತ್ತೇನೆ. ಅಡಿಕೆ ಕೊಯ್ಲಿನ ನಡುವೆ ಎರಡನೇ ಸಲ ಹೊರಡಬೇಕಾದರೆ ಇಡೀ ಮನೆಗೆ ತೊಂದರೆ. ಹಾಗಾಗಿ ಅಂದಾಜಿನ ಮಾತು ಬಿಟ್ಟು ಅಂಕ ಹಾಕತೊಡಗಿದೆ.

ಮೊದಲು ಹಿಡಿದದ್ದು ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯರು 2011ರಲ್ಲಿ ಪ್ರಕಟಿಸಿದ ಗೈಸ್ ಸ್ಟೋನ್ ಸ್ಕೋರ್. ನಾಲ್ಕೇ ದರ್ಜೆ, ಲೆಕ್ಕವಿಲ್ಲ. ಸರಳ ರಚನೆಯ ಕಿಡ್ನಿಯ ಕುಂಡದಲ್ಲಿ (ಮೂತ್ರ ಬಂದು ಕೂಡುವ ಭಾಗದಲ್ಲಿ) ಒಂಟಿ ಕಲ್ಲಿದ್ದರೆ ಒಂದನೇ ದರ್ಜೆ. ಜಿಂಕೆಕೊಂಬಿನಂತೆ ಕವಲೊಡೆದು ಕಿಡ್ನಿಯನ್ನೆಲ್ಲ ತುಂಬಿದ ಕಲ್ಲಾದರೆ ನಾಲ್ಕನೇ ದರ್ಜೆ. ಅವರ ಮೂಲ ಅಧ್ಯಯನದಲ್ಲಿ ಒಂದನೇ ದರ್ಜೆಯವರಲ್ಲಿ 81% ಮಂದಿ ಕಲ್ಲಿನಿಂದ ಮುಕ್ತರಾದರು, ನಾಲ್ಕನೇ ದರ್ಜೆಯಲ್ಲಿ 29% ಮಾತ್ರ. ರೋಗಿಯ ಎದುರು ಕುಳಿತು ವಿವರಿಸಲು ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ.

ಆದರೆ ಅದು ಕಲ್ಲಿನ ಗಾತ್ರವನ್ನೂ ಗಟ್ಟಿತನವನ್ನೂ ಕೇಳುವುದೇ ಇಲ್ಲ. ಇದು ನನಗೆ ಅರ್ಥವಾದದ್ದು ಇಬ್ಬರು ತೋಟಿಗರಿಂದ. ಇಬ್ಬರಿಗೂ ಕುಂಡದಲ್ಲಿ ಒಂಟಿ ಕಲ್ಲು, ಇಬ್ಬರೂ ಒಂದನೇ ದರ್ಜೆ. ಒಬ್ಬರದು 22×15 ಮಿ.ಮೀ., ಮೆದು. ಇನ್ನೊಬ್ಬರದು 35×28 ಮಿ.ಮೀ., ಸಿಟಿಯಲ್ಲಿ ಸಾಂದ್ರತೆ 950 ಹೌನ್ಸ್‌ಫೀಲ್ಡ್ ಮಾನ ದಾಟಿತ್ತು, ಅಂದರೆ ಗಟ್ಟಿ ಕಲ್ಲು; ಕಿಡ್ನಿಯೂ ಊದಿಕೊಂಡಿತ್ತು. ಇಬ್ಬರಿಗೂ ಒಂದೇ ಭರವಸೆ ಕೊಟ್ಟು ಕಳುಹಿಸಿದೆ. ಎರಡನೆಯವರಲ್ಲಿ ಚೂರು ಉಳಿಯಿತು; ಕೊಯ್ಲು ಬಿಟ್ಟು ಮತ್ತೆ ಹೋದರು. ಆ ತಪ್ಪು ನನ್ನದು.

2013ರ ಎಸ್.ಟಿ.ಒ.ಎನ್.ಇ. ಪದ್ಧತಿಯಲ್ಲಿ ಆಮೇಲೆ ಅದೇ ಸ್ಕ್ಯಾನ್‌ಗಳಿಗೆ ಅಂಕ ಹಾಕಿದೆ. ಕಲ್ಲಿನ ವಿಸ್ತೀರ್ಣ, ಚರ್ಮದಿಂದ ಕಲ್ಲಿನವರೆಗಿನ ದೂರ, ಮೂತ್ರದ ತಡೆ, ಕಲ್ಲು ಹೊಕ್ಕ ಬಟ್ಟಲುಗಳ (ಕುಂಡಕ್ಕೆ ಮೂತ್ರ ಹರಿಸುವ ಕವಲುಗಳ) ಸಂಖ್ಯೆ, ಸಾಂದ್ರತೆ: ಈ ಐದನ್ನು ಕೂಡಿದರೆ ಕನಿಷ್ಠ 5, ಗರಿಷ್ಠ 13; ಅಂಕ ಹೆಚ್ಚಿದಷ್ಟೂ ಒಂದೇ ಸಲಕ್ಕೆ ಹೋಗುವುದು ಕಷ್ಟ. ಮೊದಲನೆಯವರಿಗೆ 5, ಎರಡನೆಯವರಿಗೆ 9! ಹೊರಡುವ ಮೊದಲೇ ಹೇಳಬಹುದಾಗಿದ್ದ ಮಾತು. ಇದರ ತೊಡಕೆಂದರೆ ಸಿಟಿ ಸ್ಕ್ಯಾನ್ ಇಲ್ಲದೆ ಇದು ನಡೆಯದು. ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದ ನನ್ನಲ್ಲಿಗೆ ಬರುವ ಅನೇಕರ ಕೈಯಲ್ಲಿರುವುದು ಅಲ್ಟ್ರಾಸೌಂಡ್ ವರದಿ ಮಾತ್ರ.

ಮೂರನೆಯದು ಅದೇ ವರ್ಷದ ಕ್ರೋಸ್ ನೊಮೊಗ್ರಾಮ್, ಅಳತೆಗೆರೆಗಳ ಒಂದು ನಕ್ಷೆ. ಗೆರೆ ಎಳೆದು ಅಂಕ ಓದುವುದು ತಾಳ್ಮೆಯ ಕೆಲಸ, ರೋಗಿಗೆ ತೋರಿಸಿದರೆ ಗೊಂದಲ. ಆದರೂ ಉಳಿದೆರಡೂ ಬಿಟ್ಟ ಎರಡು ವಿಷಯಗಳನ್ನು ಇದು ಕೇಳುತ್ತದೆ: ಮೊದಲೇ ಚಿಕಿತ್ಸೆ ಆಗಿದೆಯೇ, ಆ ಕೇಂದ್ರದಲ್ಲಿ ವರ್ಷಕ್ಕೆ ಇಂಥ ಎಷ್ಟು ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. ದೊಡ್ಡ ಆಸ್ಪತ್ರೆಗೆ ಜಿಲ್ಲೆಯ ಹೊರಗೇ ಹೋಗುವ ನಮ್ಮ ಜನರಿಗೆ ಎರಡನೆಯ ಪ್ರಶ್ನೆಗಿಂತ ಮುಖ್ಯವಾದದ್ದು ಯಾವುದಿದೆ?

ರಕ್ತಸ್ರಾವ, ಜ್ವರದಂಥ ತೊಡಕುಗಳ ವಿಷಯದಲ್ಲಿ ಮಾತ್ರ ಅಂಕ ನೋಡಿ ನಾನು ಯಾರಿಗೂ ಧೈರ್ಯ ಹೇಳುವುದಿಲ್ಲ. ಗೈಸ್ ದರ್ಜೆಗೂ ತೊಡಕುಗಳಿಗೂ ಆ ಮೂಲ ಅಧ್ಯಯನದಲ್ಲೇ ಸಂಬಂಧ ಕಂಡಿರಲಿಲ್ಲ.

ಈಗ ಮಾತಿಗೆ ಗೈಸ್ ಇಟ್ಟುಕೊಂಡಿದ್ದೇನೆ, ಸಿಟಿ ಇದ್ದರೆ ಎಸ್.ಟಿ.ಒ.ಎನ್.ಇ. ಅಂಕವನ್ನು ಪತ್ರದಲ್ಲಿ ಬರೆದು ಕಳುಹಿಸುತ್ತೇನೆ. ಕ್ರೋಸ್‌ನ ಆ ಎರಡನೆಯ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ರೋಗಿಯ ಕೈಗೇ ಕೊಡುತ್ತೇನೆ, ಅಲ್ಲಿ ಕೇಳಲಿ ಎಂದು.