ಕಿರುಗುಟ್ಟುವ ಮಹಡಿಗೆ ತಲೆ ಮುರಿದು ತೆಗೆಯುವ ಸ್ಕ್ರೂ ಕಿಟ್: ಮೂರು ಚಳಿಗಾಲ ಬಳಸಿದ ಮೇಲೆ

ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. 2022ರ ಜುಲೈನಲ್ಲಿ ಕೇಳಿದ್ದರೆ ಐದು ಕೊಡುತ್ತಿದ್ದೆ. ಅದೇ ವರ್ಷ ಡಿಸೆಂಬರಿನಲ್ಲಿ ಕೇಳಿದ್ದರೆ ಒಂದು ಕೊಡುವುದಕ್ಕೂ ಮನಸ್ಸಿರಲಿಲ್ಲ. ಈಗ ಮೂರು ಚಳಿಗಾಲ ಕಳೆದಿದೆ, ನೆಮ್ಮದಿಯಾಗಿ ಬರೆಯಬಹುದು.

ನಮ್ಮ ಮನೆ ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿದೆ. 2019ರಲ್ಲಿ ಕಟ್ಟಿದ್ದು, ಮೊದಲು ಒಕ್ಕಲು ಬಂದವರೇ ನಾವು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಮಹಡಿಯ ನೆಲ ಕಿರುಗುಟ್ಟಲು ಶುರುವಾಯಿತು. ಮೆಟ್ಟಿಲು ಹತ್ತಿದ ಕೂಡಲೇ ಒಂದು ಕಡೆ, ಬಚ್ಚಲಿನ ಹೊರಗೆ ಒಂದು ಕಡೆ, ಚಿಕ್ಕ ಕೋಣೆಯ ಬಾಗಿಲಲ್ಲಿ ಇನ್ನೊಂದು. ಇವರು ಜಯನಗರದಲ್ಲಿ ಮೋಲ್ಡ್ ಹಾಕಿದ ಮನೆಯಲ್ಲಿ ಬೆಳೆದವರು. ಮೊದಲ ಸಲ ಕೇಳಿದಾಗ ನೆಲ ಎಲ್ಲೋ ಕುಸಿಯುತ್ತಿದೆ ಅಂತಲೇ ಹೆದರಿದ್ದರು.

ನಮಗೆ ಅದು ಅಭ್ಯಾಸವಾಗಿಬಿಡುತ್ತಿತ್ತೇನೋ. ಆದರೆ 2021ರ ಅಕ್ಟೋಬರಿನಲ್ಲಿ ನನ್ನ ಬಾಣಂತನಕ್ಕೆ ಅಮ್ಮ ತೀರ್ಥಹಳ್ಳಿಯಿಂದ ಬಂದಳು. ಅವಳು ಬೆಳಿಗ್ಗೆ ಐದಕ್ಕೆ ಏಳುವವಳು. ಎದ್ದು, ಮುಖ ತೊಳೆದು, ಕೆಳಗೆ ಹೋಗಿ ಡಿಕಾಕ್ಷನ್ ಹಾಕುವುದು ಅವಳ ಕ್ರಮ. ಆ ನಾಲ್ಕು ಹೆಜ್ಜೆಗೆ ಮಗು ಎಚ್ಚರವಾಗುತ್ತಿತ್ತು. ರಾತ್ರಿ ಮೂರು ಸಲ ಎದ್ದು ಆಗ ತಾನೇ ಕಣ್ಣು ಮುಚ್ಚಿರುತ್ತಿದ್ದ ನಾನೂ ಎದ್ದು ಕೂರುತ್ತಿದ್ದೆ.

"ಏನೇ ಇದು ಮಾರಾಯ್ತಿ, ನಮ್ಮ ಉಪ್ಪರಿಗೆ ನಿನ್ನ ಅಜ್ಜನ ಕಾಲದ್ದು. ಅದೂ ಹಿಂಗೆ ಕೂಗಲ್ಲ" ಅಂದಳು ಒಂದು ದಿನ. ಊರಿನ ಮನೆಯ ಉಪ್ಪರಿಗೆಗೆ ಹಲಸಿನ ಹಲಗೆ ಹಾಸಿದೆ. ಅದೂ ಸದ್ದು ಮಾಡುತ್ತದೆ, ಇಲ್ಲ ಅಂತಲ್ಲ. ಆದರೆ ಅದು ಮಳೆ ಕಂಡ ಮರ, ಹೊಗೆ ಕಂಡ ಮರ. ಮೂರು ವರ್ಷವೂ ತುಂಬದ ಮನೆ ಯಾಕೆ ಕೂಗಬೇಕು ಅನ್ನುವುದು ಅವಳ ಪ್ರಶ್ನೆ.

ಒಂದು ವಾರ ಹೋಗುವಷ್ಟರಲ್ಲಿ ಅವಳು ಸದ್ದುಗಳಿಗೆ ಹೆಸರಿಟ್ಟಿದ್ದಳು. ಮಗು ಮಲಗುವ ಚಿಕ್ಕ ಕೋಣೆಯ ಬಾಗಿಲಿನದು ಕಪ್ಪೆ. ಎರಡು ಸಲ ವಟ್ ವಟ್ ಅಂದು ಸುಮ್ಮನಾಗುತ್ತಿತ್ತು. ಮೆಟ್ಟಿಲ ತುದಿಯದು ಬಾವಿ ರಾಟೆ, ಕಾಲು ಎತ್ತುವವರೆಗೂ ಎಳೆಯುತ್ತಿತ್ತು. ಬಚ್ಚಲಿನ ಹೊರಗಿನದು ತೊಟ್ಟಿಲು, ಕಾಲಿಡುವಾಗ ಒಂದು ಸ್ವರ, ತೆಗೆಯುವಾಗ ಇನ್ನೊಂದು. "ಕಪ್ಪೆ ದಾಟಿ ಬಂದೆ, ಮಗು ಏಳಲಿಲ್ಲ" ಅಂತ ಬೆಳಿಗ್ಗೆ ಸಂತೋಷದಿಂದ ಹೇಳುತ್ತಿದ್ದಳು. ಕೊನೆಕೊನೆಗೆ ಗೋಡೆಗೆ ಅಂಟಿಕೊಂಡು, ಒಂದು ಕೈ ಗೋಡೆ ಮೇಲಿಟ್ಟು ನಡೆಯುವುದನ್ನು ಕಲಿತಳು. ಅರವತ್ತೆಂಟು ವರ್ಷದ ಮಂಡಿನೋವಿನ ಹೆಂಗಸು ಮಗಳ ಮನೆಯಲ್ಲಿ ಕಳ್ಳಹೆಜ್ಜೆ ಹಾಕಬೇಕಾಯಿತಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ. ನಾನು ಈ ಕಿಟ್ ಕೊಂಡಿದ್ದು ಅದಕ್ಕೇ.

ಬಿಲ್ಡರ್‌ಗೆ ಮೊದಲೇ ಹೇಳಿದ್ದೆವು. ಮನೆ ಕೂರುತ್ತಿದೆ, ಸಹಜ ಅಂದರು. ಕೆಲಸದ ಗುಣಮಟ್ಟಕ್ಕೆ ಇದ್ದ ಒಂದು ವರ್ಷದ ವಾರಂಟಿ ಮುಗಿದಿತ್ತು. ಹತ್ತು ವರ್ಷದ್ದು ಮನೆಯ ಅಸ್ಥಿಪಂಜರಕ್ಕೆ ಮಾತ್ರ, ಸದ್ದಿಗಲ್ಲ. ನೀವು ಹೊಸ ಮನೆ ತೆಗೆದುಕೊಂಡಿದ್ದರೆ ಮೊದಲ ವರ್ಷದೊಳಗೆ ಕಿರುಗುಟ್ಟುವ ಜಾಗವನ್ನೆಲ್ಲ ವಿಡಿಯೋ ಮಾಡಿ, ಬರೆದೇ ಕೊಡಿ. ನಾವು ಬರೀ ಬಾಯಲ್ಲಿ ಹೇಳಿದ್ದೆವು.

ನೆಲ ಯಾಕೆ ಕಿರುಗುಟ್ಟುತ್ತದೆ ಅಂತ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇಲ್ಲಿಯ ಮಹಡಿಗೆ ಕಾಂಕ್ರೀಟ್ ಇಲ್ಲ. ಸಾಲಾಗಿ ಮರದ ತೊಲೆಗಳು, ಅದನ್ನೇ ಜಾಯಿಸ್ಟ್ ಅನ್ನುತ್ತಾರೆ. ಅದರ ಮೇಲೆ ಮುಕ್ಕಾಲು ಇಂಚು ದಪ್ಪದ ಓಎಸ್‌ಬಿ ಹಲಗೆ, ಅಂದರೆ ಮರದ ಚಕ್ಕೆಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಶೀಟು. ಅದನ್ನು ಜಾಯಿಸ್ಟಿಗೆ ಗೋಂದು ಹಚ್ಚಿ, ಮೊಳೆ ಹೊಡೆದು ಕೂರಿಸುತ್ತಾರೆ. ಮೇಲೆ ಮೆತ್ತೆ, ಅದರ ಮೇಲೆ ಕಾರ್ಪೆಟ್. ಗೋಂದು ಒಂದು ಕಡೆ ಕಮ್ಮಿ ಬಿತ್ತು, ಮೊಳೆ ಜಾಯಿಸ್ಟನ್ನು ತಪ್ಪಿ ಪಕ್ಕಕ್ಕೆ ಇಳಿಯಿತು ಅಂದುಕೊಳ್ಳಿ. ಅಲ್ಲಿ ಒಂದು ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಕಾಲಿಟ್ಟಾಗ ಹಲಗೆ ಕೆಳಗೆ ಹೋಗುತ್ತದೆ, ಎತ್ತಿದಾಗ ಮೇಲೆ ಬರುತ್ತದೆ. ಮೊಳೆ ಮರಕ್ಕೆ ಉಜ್ಜುತ್ತದೆ. ಅಮ್ಮನ ಕಪ್ಪೆ ಅಂದರೆ ಆ ಮೊಳೆ.

ನೆಲಮಾಳಿಗೆಯ ಮೇಲಿನ ನೆಲವಾದರೆ ಕೆಳಗಿನಿಂದ ನೋಡಿ ಸರಿ ಮಾಡಬಹುದು. ಮಹಡಿಗೆ ಆ ದಾರಿ ಇಲ್ಲ, ಕೆಳಗೆ ಸೀಲಿಂಗ್ ಇದೆ. ರಿಪೇರಿಯವರೊಬ್ಬರು ಕಾರ್ಪೆಟ್ ಎತ್ತಿ, ಸ್ಕ್ರೂ ಹಾಕಿ, ವಾಪಸ್ ಎಳೆದು ಕೂರಿಸಲು 900 ಡಾಲರ್ ಕೇಳಿದರು. ಹೆರಿಗೆಯ ಖರ್ಚು ಆಗ ತಾನೇ ಕಟ್ಟಿದ್ದೆವು. ಈ ಕಿಟ್ಟಿಗೆ ನಾನು ಕೊಟ್ಟಿದ್ದು 30 ಡಾಲರ್.

ಕಿಟ್ಟಿನ ಉಪಾಯ ಚಂದ. ಸುಮಾರು ಮೂರು ಇಂಚಿನ ಸ್ಕ್ರೂ, ತಲೆಯ ಹತ್ತಿರ ಸುತ್ತಲೂ ಒಂದು ಕಚ್ಚು ಹಾಕಿರುತ್ತಾರೆ. ಮೂರು ಕಾಲಿನ ಒಂದು ಪುಟ್ಟ ಸ್ಟ್ಯಾಂಡ್ ಬರುತ್ತದೆ, ಅದನ್ನು ಕಾರ್ಪೆಟ್ ಮೇಲೆಯೇ ಇಡಬೇಕು. ಅದರ ತೂತಿನಲ್ಲಿ ಸ್ಕ್ರೂ ಇಳಿಸಿ ಡ್ರಿಲ್ ಒತ್ತಿದರೆ ಸರಿಯಾದ ಆಳಕ್ಕೆ ಹೋಗಿ ನಿಲ್ಲುತ್ತದೆ. ಆಮೇಲೆ ಸ್ಟ್ಯಾಂಡಿನ ಪಕ್ಕದ ಸೀಳಿನಲ್ಲಿ ಸ್ಕ್ರೂವಿನ ತಲೆ ಸಿಕ್ಕಿಸಿ ಆ ಕಡೆ ಈ ಕಡೆ ಅಲ್ಲಾಡಿಸಬೇಕು. ಟಕ್ ಅಂತ ತಲೆ ಮುರಿದು ಕೈಗೆ ಬರುತ್ತದೆ. ಉಳಿದ ಸ್ಕ್ರೂ ಹಲಗೆಯ ಮಟ್ಟಕ್ಕಿಂತ ಕೆಳಗೆ ಉಳಿಯುತ್ತದೆ. ಕಾಲಿಗೆ ಏನೂ ತಾಗುವುದಿಲ್ಲ, ಕಾರ್ಪೆಟ್ಟಿನಲ್ಲಿ ತೂತು ಕಾಣುವುದಿಲ್ಲ.

ಆ ಟಕ್ ಅನ್ನುವ ಸದ್ದು ನನಗೆ ಎಷ್ಟು ಇಷ್ಟವಾಯಿತೆಂದರೆ ಹೇಳಲಾರೆ. ಅಮ್ಮ ಊರಿಗೆ ಹೋಗಿದ್ದಳು. ಜುಲೈ ತಿಂಗಳ ಸಂಜೆ ಇವರು ಮಗುವನ್ನು ಸ್ಟ್ರೋಲರ್‌ನಲ್ಲಿ ಹೊರಗೆ ಕರೆದುಕೊಂಡು ಹೋಗುತ್ತಿದ್ದರು. ಆ ಮುಕ್ಕಾಲು ಗಂಟೆ ನನ್ನದು. ಬರಿಗಾಲಲ್ಲಿ ನಿಧಾನಕ್ಕೆ ನಡೆದು, ಸದ್ದು ಬಂದಲ್ಲಿ ನೀಲಿ ಟೇಪಿನ ತುಂಡು ಅಂಟಿಸುತ್ತಿದ್ದೆ. ಬಾಚಣಿಗೆಯಿಂದ ಕಾರ್ಪೆಟ್ಟಿನ ಎಳೆಗಳನ್ನು ಬೈತಲೆ ತೆಗೆದ ಹಾಗೆ ಬಿಡಿಸಿ, ಅಲ್ಲಿ ಸ್ಕ್ರೂವಿನ ಮೊನೆ ಇಡುತ್ತಿದ್ದೆ. ಹಾಗೆ ಬಿಡಿಸದಿದ್ದರೆ ಎಳೆ ಸ್ಕ್ರೂವಿಗೆ ಸುತ್ತಿಕೊಂಡು ಕಿತ್ತು ಬರುತ್ತದೆ. ಕುಣಿಕೆ ಕುಣಿಕೆಯಾಗಿ ನೇಯ್ದ ಕಾರ್ಪೆಟ್ಟಾದರೆ ಇನ್ನೂ ಜಾಸ್ತಿ ಹುಷಾರು ಬೇಕು, ಒಂದು ಎಳೆ ಸಿಕ್ಕಿಕೊಂಡರೆ ಸಾಲೇ ಬಿಚ್ಚಿಕೊಳ್ಳುತ್ತದೆ. ಮುರಿದ ತಲೆಗಳನ್ನು ಖಾಲಿ ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕುತ್ತಿದ್ದೆ. ಮಗು ಅಂಬೆಗಾಲಿಡುತ್ತಿತ್ತು, ಒಂದೂ ನೆಲದಲ್ಲಿ ಉಳಿಯಬಾರದು ಅಂತ ಎಣಿಸಿ ಹಾಕುತ್ತಿದ್ದೆ. ಒಟ್ಟು 31 ಸ್ಕ್ರೂ. ಕಪ್ಪೆ ಸುಮ್ಮನಾಯಿತು. ರಾಟೆ ಸುಮ್ಮನಾಯಿತು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಡಿಸೆಂಬರಿನಲ್ಲಿ ಎಲ್ಲ ವಾಪಸ್ ಬಂತು.

ಒಂದೆರಡು ಅಲ್ಲ, ಹೆಚ್ಚುಕಮ್ಮಿ ಎಲ್ಲವೂ. ಹೊರಗೆ ಮೈನಸ್ ಇಪ್ಪತ್ತು, ಒಳಗೆ ಹೀಟರ್ ಹಗಲೂ ರಾತ್ರಿ ಓಡುತ್ತಿತ್ತು. ಕಪ್ಪೆ ಮೊದಲಿಗಿಂತ ಜೋರಾಗಿತ್ತು. ಮೂವತ್ತೊಂದು ಸ್ಕ್ರೂ ಹಾಕಿದ ಮೇಲೆ, ಒಂದು ತಿಂಗಳ ಸಂಜೆಗಳನ್ನು ಅದಕ್ಕೇ ಕೊಟ್ಟ ಮೇಲೆ, ಮತ್ತೆ ಅದೇ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಾಗ ನನಗೆ ಅಳುವೇ ಬಂತು. ಉಳಿದ ಸ್ಕ್ರೂಗಳನ್ನು ಗ್ಯಾರೇಜಿನಲ್ಲಿ ಇಟ್ಟು ಬಂದೆ. ಆ ವಾರ ಈ ವಿಮರ್ಶೆ ಬರೆದಿದ್ದರೆ ಬರೀ ಬೈಗುಳ ಇರುತ್ತಿತ್ತು.

ಆಮೇಲೆ ನಿಧಾನಕ್ಕೆ ಯೋಚಿಸಿದಾಗ ಗೊತ್ತಾಗಿದ್ದು, ಜುಲೈನಲ್ಲಿ ಸದ್ದು ನಿಂತಿದ್ದರಲ್ಲಿ ನನ್ನ ಸ್ಕ್ರೂವಿನ ಪಾಲು ಕಮ್ಮಿ, ಹವೆಯ ಪಾಲು ಜಾಸ್ತಿ ಅಂತ. ಬೇಸಿಗೆಯಲ್ಲಿ ಇಲ್ಲಿ ತೇವ ಜಾಸ್ತಿ. ಮರ ತೇವ ಕುಡಿದು ಉಬ್ಬುತ್ತದೆ, ಸಂದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಚಳಿಗಾಲದಲ್ಲಿ ಹೀಟರ್ ಓಡಿದರೆ ಮನೆಯೊಳಗಿನ ಗಾಳಿ ಒಣಗುತ್ತದೆ, ಮರ ಕುಗ್ಗುತ್ತದೆ, ಸಂದು ಬಾಯಿ ಬಿಡುತ್ತದೆ. ತೇವಮಾಪಕ ತಂದು ಇಟ್ಟು ನೋಡಿದರೆ ನಮ್ಮ ಮಹಡಿಯಲ್ಲಿ 22 ಪರ್ಸೆಂಟ್ ಇತ್ತು. ತುಟಿ ಒಡೆಯುವಷ್ಟು ಒಣ. ಮಲೆನಾಡಿನಲ್ಲಿ ಹುಟ್ಟಿದವಳಿಗೆ ಇದು ಹೊಳೆಯಬೇಕಿತ್ತು. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುತ್ತದೆ, ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಚಿಕ್ಕಂದಿನಿಂದ ನೋಡಿದ್ದೇ ಅಲ್ವಾ?

ಎರಡನೆಯದು, ನನ್ನ ಸ್ಕ್ರೂಗಳಲ್ಲಿ ಬಹಳಷ್ಟು ಜಾಯಿಸ್ಟಿಗೆ ಬಿದ್ದೇ ಇರಲಿಲ್ಲ. ಕಿಟ್ಟಿನ ದೊಡ್ಡ ಕೊರತೆ ಇದೇ, ಒಂದು ಸ್ಟಾರ್ ಕಳೆದಿದ್ದೂ ಇದಕ್ಕೇ. ಜಾಯಿಸ್ಟ್ ಹುಡುಕಲು ಒಂದು ಉದ್ದ ಮೊನೆಯ ಬಿಟ್ ಕೊಡುತ್ತಾರೆ. ಅದನ್ನು ಚುಚ್ಚಿದಾಗ ಮರ ಸಿಕ್ಕರೆ ತಡೆಯುತ್ತದೆ, ಇಲ್ಲದಿದ್ದರೆ ಸಲೀಸಾಗಿ ಕೆಳಗೆ ಹೋಗುತ್ತದೆ. ಆದರೆ ಎಲ್ಲಿಂದ ಚುಚ್ಚಲು ಶುರು ಮಾಡಬೇಕು? ಕಿಟ್ಟಿನ ಕಾಗದದಲ್ಲಿ ಜಾಯಿಸ್ಟ್‌ಗಳು 16 ಇಂಚಿಗೊಂದು ಇರುತ್ತವೆ ಅಂತಿತ್ತು. ನಾನು ಮೊದಲನೆಯದನ್ನು ಹುಡುಕಿ, ಅಲ್ಲಿಂದ ಹದಿನಾರರ ಲೆಕ್ಕ ಹಾಕಿ ಸಾಲಾಗಿ ಸ್ಕ್ರೂ ಹಾಕುತ್ತಾ ಹೋಗಿದ್ದೆ.

ನಮ್ಮ ಮನೆಯಲ್ಲಿ ಅವು 19.2 ಇಂಚಿಗೊಂದು ಇದ್ದವು. ಅಳತೆ ಟೇಪಿನಲ್ಲಿ ಅಲ್ಲಲ್ಲಿ ಸಣ್ಣ ಕಪ್ಪು ವಜ್ರದ ಗುರುತು ಇರುತ್ತದಲ್ಲ, ನಾನು ವರ್ಷಗಟ್ಟಲೆ ನೋಡಿಯೂ ಏನಂತ ಯೋಚಿಸಿರಲಿಲ್ಲ. ಅದು ಇದಕ್ಕೇ ಇರುವುದು. ಎಂಟು ಅಡಿ ಶೀಟನ್ನು ಐದು ಭಾಗ ಮಾಡಿದರೆ ಬರುವ ಲೆಕ್ಕ. ಹೊಸ ಮನೆಗಳಲ್ಲಿ ಹಾಕುವ, ಇಂಗ್ಲಿಷಿನ ಐ ಅಕ್ಷರದ ಆಕಾರದ ಜಾಯಿಸ್ಟ್‌ಗಳನ್ನು ಎಷ್ಟೋ ಕಡೆ ಈ ಅಂತರದಲ್ಲಿ ಕೂರಿಸುತ್ತಾರೆ. ಈ ಒಂದು ಸಾಲು ಕಾಗದದಲ್ಲಿ ಇದ್ದಿದ್ದರೆ ನನ್ನ ಒಂದು ತಿಂಗಳು ಉಳಿಯುತ್ತಿತ್ತು.

2023ರ ಜನವರಿಯಲ್ಲಿ ಮತ್ತೆ ಶುರು ಮಾಡಿದೆ. ಈ ಸಲ ಕೆಳಗಿನಿಂದ. ಒಂದು ಶಕ್ತಿಯಾದ ಅಯಸ್ಕಾಂತವನ್ನು ಕಾಲುಚೀಲದೊಳಗೆ ಹಾಕಿ, ಏಣಿ ಹತ್ತಿ, ಕೆಳಗಿನ ಸೀಲಿಂಗಿಗೆ ಸವರುತ್ತಾ ಹೋದೆ. ಸೀಲಿಂಗಿನ ಸ್ಕ್ರೂಗಳು ಜಾಯಿಸ್ಟಿಗೇ ಹಾಕಿರುವುದರಿಂದ ಅಯಸ್ಕಾಂತ ಅಂಟಿದ ಕಡೆಯೆಲ್ಲ ಮೇಲೆ ಜಾಯಿಸ್ಟ್ ಇದೆ ಅಂತ ಅರ್ಥ. ಹೊರಗೋಡೆಯಿಂದ ಅಳೆದು ಬರೆದುಕೊಂಡು, ಅದೇ ಅಳತೆಯನ್ನು ಮಹಡಿಯಲ್ಲಿ ಇಟ್ಟೆ. ರಾತ್ರಿ ಮಗು ಮಲಗಿದ ಮೇಲೆ ಇವರು ಮೇಲೆ ನಡೆಯುತ್ತಿದ್ದರು, ನಾನು ಕೆಳಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. "ಅಲ್ಲೇ ನಿಲ್ರೀ" ಅಂದರೆ ನಿಂತಲ್ಲೇ ಟೇಪ್ ಅಂಟಿಸುತ್ತಿದ್ದರು.

ಇನ್ನೊಂದು ಮುಖ್ಯ ವಿಷಯ. ಸ್ಕ್ರೂ ಹಾಕುವಾಗ ಆ ಜಾಗದ ಪಕ್ಕದಲ್ಲೇ ಒಬ್ಬರು ಪೂರ್ತಿ ಭಾರ ಹಾಕಿ ನಿಲ್ಲಬೇಕು. ಆಗ ಹಲಗೆ ಜಾಯಿಸ್ಟಿಗೆ ಒತ್ತಿಕೊಂಡಿರುತ್ತದೆ, ಸ್ಕ್ರೂ ಎರಡನ್ನೂ ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ. ಜುಲೈನಲ್ಲಿ ನಾನು ಒಬ್ಬಳೇ ಮೊಣಕಾಲೂರಿ ಕೂತು ಹಾಕಿದ್ದೆ. ಸಂದು ಹಾಗೇ ಉಳಿದಿತ್ತು.

ಈ ಸಲ ಬೇಕಾಗಿದ್ದು 26 ಸ್ಕ್ರೂ. ಮೊದಲ ಪೆಟ್ಟಿಗೆಯಲ್ಲಿ 19 ಉಳಿದಿತ್ತು, ಇನ್ನೊಂದು ಕೊಂಡೆ. ಕಪ್ಪೆಗೆ ನಾಲ್ಕು ಸ್ಕ್ರೂ ಹಿಡಿಯಿತು. ನಾಲ್ಕನೆಯದನ್ನು ಮುರಿದು, ಎದ್ದು, ಬಾಗಿಲಲ್ಲಿ ಹೋಗಿ ಬಂದು ಮಾಡಿದೆ. ಏನೂ ಇಲ್ಲ. ಜನವರಿಯ ಒಣಹವೆಯಲ್ಲಿ, ಸಂದು ಪೂರ್ತಿ ತೆರೆದಿರುವಾಗಲೇ ಏನೂ ಇಲ್ಲ. ಅದಾಗಿ ಎರಡು ಚಳಿಗಾಲ ಕಳೆದಿದೆ, ಆ ಜಾಗ ಇನ್ನೂ ಸುಮ್ಮನಿದೆ. ಅದಕ್ಕೇ ಹೇಳುವುದು, ನಿಮ್ಮ ಊರಲ್ಲಿ ಹೀಟರ್ ಹಾಕುವ ಚಳಿ ಇದ್ದರೆ ಈ ಕೆಲಸವನ್ನು ಚಳಿಗಾಲದಲ್ಲೇ ಮಾಡಿ. ಬೇಸಿಗೆಯಲ್ಲಿ ಮಾಡಿದರೆ ಯಾವ ಸ್ಕ್ರೂ ಕೆಲಸ ಮಾಡಿತು ಅಂತ ಗೊತ್ತೇ ಆಗುವುದಿಲ್ಲ.

ಜೊತೆಗೆ ಹ್ಯುಮಿಡಿಫೈಯರ್ ಇಟ್ಟು ತೇವವನ್ನು 35ರ ಹತ್ತಿರ ಇಟ್ಟುಕೊಳ್ಳುತ್ತಿದ್ದೇವೆ. ತೀರಾ ಚಳಿ ಇರುವ ದಿನ ಇನ್ನೂ ಕಮ್ಮಿ ಮಾಡಬೇಕು, ಇಲ್ಲದಿದ್ದರೆ ಕಿಟಕಿಯ ಗಾಜಿನ ಮೇಲೆ ನೀರು ಇಳಿಯುತ್ತದೆ. ಸಣ್ಣಪುಟ್ಟ ಸದ್ದುಗಳಿಗೆ ಅಷ್ಟೇ ಸಾಕಾಯಿತು, ಸ್ಕ್ರೂ ಬೇಕಾಗಲಿಲ್ಲ. ಸಾಧ್ಯವಾದರೆ ಮೊದಲು ತೇವ ನೋಡಿ, ಆಮೇಲೆ ಕಿಟ್ ಕೊಳ್ಳಿ.

ಸ್ಕ್ರೂಗಳ ಬಗ್ಗೆ ಒಂದು ದೂರು ಇದೆ. ಐವತ್ತರಲ್ಲಿ ಎರಡು ಮೂರು ಪೂರ್ತಿ ಇಳಿಯುವ ಮೊದಲೇ ಕಚ್ಚಿನಲ್ಲಿ ಮುರಿದವು. ಡ್ರಿಲ್ಲನ್ನು ನಿಧಾನಕ್ಕೆ ಓಡಿಸಿದರೆ ಇದು ಕಮ್ಮಿ. ಮುರಿದ ತುಂಡು ಮೇಲೆ ಉಳಿದರೆ ಇಕ್ಕಳದಿಂದ ತಿರುಗಿಸಿ ತೆಗೆಯಬೇಕು, ಕಾರ್ಪೆಟ್ಟಿನ ಒಳಗೆ ಅದು ಸುಲಭವಲ್ಲ.

ತೊಟ್ಟಿಲನ್ನು ಮಾತ್ರ ಮುಟ್ಟಿಲ್ಲ. ಅದು ಬಚ್ಚಲಿನ ಗೋಡೆಗೆ ತಾಗಿದೆ, ಕೆಳಗೆ ನೀರಿನ ಪೈಪು ಎಲ್ಲಿ ಹೋಗಿದೆ ಅಂತ ನನಗೆ ಗೊತ್ತಿಲ್ಲ. ಪೈಪೋ ವೈರೋ ಇರಬಹುದಾದ ಕಡೆ ಕುರುಡು ಸ್ಕ್ರೂ ಹಾಕಬೇಡಿ. ಒಂದು ತೂತಿನಿಂದ ಕೆಳಗಿನ ಸೀಲಿಂಗೇ ಹಾಳಾಗುತ್ತದೆ.

2024ರ ಅಕ್ಟೋಬರಿನಲ್ಲಿ ಅಮ್ಮ ಮತ್ತೆ ಬಂದಳು, ಈ ಸಲ ಸುಮ್ನೆ ಮೊಮ್ಮಗಳ ಜೊತೆ ಇರಲು. ನಾನು ಏನೂ ಹೇಳಿರಲಿಲ್ಲ. 2022ರ ಜುಲೈನಲ್ಲಿ ಫೋನ್ ಮಾಡಿ ಹೇಳಿ, ಡಿಸೆಂಬರಿನಲ್ಲಿ ಸುಳ್ಳಾಗಿತ್ತಲ್ಲ, ಅದಕ್ಕೆ ಹೆದರಿಕೆ. ಜನವರಿಯವರೆಗೂ ಕಾದೆ. ಒಂದು ಬೆಳಿಗ್ಗೆ ಐದಕ್ಕೆ ಅವಳ ಬಾಗಿಲು ತೆರೆದ ಸದ್ದು ಕೇಳಿ ಎಚ್ಚರವಾಗಿ ಮಲಗಿದ್ದೆ. ಅವಳು ಹಳೇ ಅಭ್ಯಾಸದಂತೆ ಗೋಡೆ ಹಿಡಿದೇ ಬಂದಳು. ಬಚ್ಚಲಿನ ಹೊರಗೆ ತೊಟ್ಟಿಲು ಒಂದು ಸಲ ತೂಗಿತು. ಮಗುವಿನ ಬಾಗಿಲಲ್ಲಿ ನಿಂತಳು. ಕಾಲು ಮುಂದಿಟ್ಟಳು, ಹಿಂದಕ್ಕೆ ತೆಗೆದಳು, ಮತ್ತೆ ಇಟ್ಟಳು. ಆಮೇಲೆ ಗೋಡೆ ಬಿಟ್ಟು ದಾರಿಯ ನಡುವೆಯೇ ನಡೆದು ಹೋಗಿ ಮೆಟ್ಟಿಲಿಳಿದಳು. ಸ್ವಲ್ಪ ಹೊತ್ತಿಗೆ ಕಾಫಿಯ ಘಮ ಮೇಲೆ ಬಂತು.

ಎರಡನೇ ಪೆಟ್ಟಿಗೆಯಲ್ಲಿ ಇನ್ನೂ 43 ಸ್ಕ್ರೂ ಇದೆ. ನೇಪರ್‌ವಿಲ್, ಅರೋರಾ ಕಡೆಯವರಿಗೆ ಬೇಕಿದ್ದರೆ ಸ್ಟ್ಯಾಂಡಿನ ಸಮೇತ ಕೊಡುತ್ತೇನೆ. ಜನವರಿಯಲ್ಲಿ ಬಂದು ತೆಗೆದುಕೊಂಡು ಹೋಗಿ.