ಆರ್ಕಿಡ್ ಕುಂಡಕ್ಕೆ ಪಾಚಿಯೋ, ತೊಗಟೆಯೋ

ಮನೆಯೊಳಗೆ ಬೆಳೆಸುವ ಫೆಲನಾಪ್ಸಿಸ್ ಆರ್ಕಿಡ್‌ಗೆ ಕುಂಡದಲ್ಲಿ ಮಣ್ಣಿನ ಬದಲು ತುಂಬಲು ಮರದ ತೊಗಟೆಯ ಚೂರುಗಳೇ ಸರಿ ಎಂಬ ನಿಲುವಿಗೆ ನಾನು ಬಂದದ್ದು, ಹೂದಂಟಿನ ತುಂಬ ಮೊಗ್ಗಿದ್ದ ಗಿಡವೊಂದನ್ನು ಕೊಂಡು ತಂದು ಕಳೆದುಕೊಂಡ ಮೇಲೆ. ಅದು ನೀರು ಹೀರಿ ಹಿಡಿದಿಡುವ ಸ್ಫ್ಯಾಗ್ನಮ್ ಎಂಬ ಪಾಚಿಯಲ್ಲಿತ್ತು. ಅದೇ ಕಿಟಕಿಯ ಬಳಿ ತೊಗಟೆಯಲ್ಲಿದ್ದ ಇನ್ನೊಂದು ಗಿಡ ಈಗಲೂ ಚೆನ್ನಾಗಿದೆ.

ಪಾಚಿಯ ತೊಡಕು ಹೊರಗೆ ಕಾಣುವಂಥದ್ದಲ್ಲ. ಮೇಲ್ಭಾಗ ಒಣಗಿ ಬೆರಳಿಗೆ ಗರಗರ ಎನ್ನುತ್ತಿದ್ದಾಗಲೂ, ಬುಡದ ಸುತ್ತ ಬಿಗಿಯಾಗಿ ಒತ್ತಿದ್ದ ಪಾಚಿಯ ಉಂಡೆ ಒಳಗೆ ನೀರು ಹಿಡಿದುಕೊಂಡೇ ಇತ್ತು. ಅದನ್ನು ತಿಳಿಯದೆ ನಾನು ನೀರು ಹಾಕುತ್ತಲೇ ಹೋದೆ.

ಮೊದಲು ಹೂದಂಟಿನ ಮೊಗ್ಗುಗಳು ಹಳದಿಯಾಗಿ ಉದುರಿದವು, ಆಮೇಲೆ ಎಲೆಗಳು ಸುಕ್ಕುಗಟ್ಟಿದವು. ನೀರು ಸಾಲದಿದ್ದರೂ ಬೇರು ಕೊಳೆತರೂ ಎಲೆ ಬಾಡುವ ಬಗೆ ಒಂದೇ ಆದ್ದರಿಂದ, ಬಾಯಾರಿಕೆಯೆಂದು ಭಾವಿಸಿ ಇನ್ನಷ್ಟು ನೀರೆರೆದೆ. ಕೊನೆಗೆ ಕುಂಡದಿಂದ ಬಿಡಿಸಿ ನೋಡಿದರೆ, ಮೆತ್ತಗಾಗಿದ್ದ ಬೇರಿನ ಹೊರಪದರ ಬೆರಳಿಗೆ ಜಾರಿ ಬಂದು, ಒಳಗಿನ ದಾರದಂಥ ಎಳೆಯಷ್ಟೇ ಉಳಿಯಿತು. ಈ ಗಿಡಗಳು ಕಾಡಿನಲ್ಲಿ ಮರದ ಮೈಗೆ ಅಂಟಿ ಬೆಳೆಯುತ್ತವೆ (ಬದನಿಕೆಯಂತೆ ಮರದ ರಸ ಹೀರುವುದಿಲ್ಲ). ಮಳೆ ನಿಂತೊಡನೆ ಗಾಳಿಗೆ ಆರುವ ಬೇರಿಗೆ ಸದಾ ಒದ್ದೆಯಲ್ಲಿರುವುದು ಒಗ್ಗದು.

ತೊಗಟೆಯಲ್ಲಿ ಆ ಗಾಳಿ ಸಿಗುತ್ತದೆ. ಪಾರದರ್ಶಕ ಕುಂಡವಾದರೆ ಊಹೆಯೂ ಬೇಡ: ಒಣಗಿದ ಬೇರು ಬೆಳ್ಳಿಯಂತೆ ಬೂದುಬಣ್ಣ, ನೀರುಂಡ ಬೇರು ಹಸಿರು. ಹೊಸ ತೊಗಟೆ ನೀರನ್ನು ಹೀರದೆ ಜಾರಿಸಿಬಿಡುವುದರಿಂದ ಬಳಸುವ ಮುನ್ನ ರಾತ್ರಿಯಿಡೀ ನೆನೆಸಬೇಕು. ಸುಮಾರು 2 ವರ್ಷಕ್ಕೊಮ್ಮೆ ಬದಲಿಸಬೇಕು.

ಹೂದಂಟಿನ ಆರೈಕೆ ಎರಡರಲ್ಲೂ ಒಂದೇ. ದಂಟು ಎಳೆಯದಿರುವಾಗಲೇ ಕಡ್ಡಿಗೆ ಸಡಿಲವಾಗಿ ಕಟ್ಟಬೇಕು. ಅದು ಬೆಳಕಿನತ್ತ ಬಾಗುವುದರಿಂದ ಕುಂಡವನ್ನು ತಿರುಗಿಸಬಾರದು. ತೊಗಟೆಯ ಗಿಡದಲ್ಲಿ ಹೂ ಮುಗಿದಾಗ, ಇನ್ನೂ ಹಸಿರಾಗಿದ್ದ ದಂಟನ್ನು ಕೆಳಗಿನಿಂದ ಎರಡನೆಯ ಗಿಣ್ಣಿನ ತುಸು ಮೇಲೆ, ಬೆಂಕಿಗೆ ಹಿಡಿದು ಆರಿಸಿದ ಕತ್ತರಿಯಿಂದ ಕತ್ತರಿಸಿದೆ. ಆ ಗಿಣ್ಣಿನಿಂದ ಕವಲೊಡೆದು ಮತ್ತೆ ಹೂ ಬಂತು, ಗಾತ್ರ ಮಾತ್ರ ಚಿಕ್ಕದು. ಗಿಡ ಸೊರಗಿದ್ದರೆ ದಂಟನ್ನು ಬುಡದಲ್ಲೇ ಕತ್ತರಿಸುವುದು ಲೇಸು.

ಪದೇ ಪದೇ ನೀರು ಹಾಕುವ ನನ್ನ ಕೈಗೆ, ಗಿಡ ಕಳೆದುಕೊಂಡು ಮತ್ತೆ ಕೊಳ್ಳಲಾಗದ ನನ್ನ ಜೇಬಿಗೆ ತೊಗಟೆಯೇ ಹೊಂದುತ್ತದೆ. ವಾರಗಟ್ಟಲೆ ನೀರು ಮರೆಯುವವರಿಗೆ ಸಡಿಲವಾಗಿ ತುಂಬಿದ ಪಾಚಿ ಆದೀತು. ಪಾಚಿಯಲ್ಲಿರುವ ಗಿಡವನ್ನು ಈಗ ತಂದರೂ, ಮೊಗ್ಗಿರುವಾಗ ಕುಂಡ ಬದಲಿಸಲು ಹೋಗುವುದಿಲ್ಲ; ಬಿದಿರುಕಡ್ಡಿಯನ್ನು ನಡುವಿನವರೆಗೆ ಚುಚ್ಚಿ ತೆಗೆದು, ಅದು ಹೆಚ್ಚುಕಡಿಮೆ ಒಣಗಿ ಬಂದರಷ್ಟೇ ನೀರು ಹಾಕುತ್ತೇನೆ.